ಹುಣ್ಣಿಮೆಯ ನೀರು ಎಲ್ಲಿಯವರೆಗೆ

"ರಾತ್ರಿ ನೀರು ಎಲ್ಲೀಗಂಟ ಬತ್ತದೆ ಅಂತ ಕೇಳಿದ್ಯಾ?"

ಅಪ್ಪ ಕೇಳಿದ್ದು ಇಷ್ಟೇ. ಒಂದು ವಾರದಿಂದ ನಾನು ಕರಾವಳಿಯ ಏಳೆಂಟು ಕಡೆಗೆ ಫೋನ್ ಮಾಡಿದ್ದೆ. ಟೆಂಟಿನ ಬಾಡಿಗೆ, ಊಟ, ಶೌಚಾಲಯ, ಕಾರು ನಿಲ್ಲಿಸುವ ಜಾಗ, ಎಲ್ಲವೂ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಂಡಾಗಿತ್ತು. ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಮಾತ್ರ ಒಬ್ಬರನ್ನೂ ಕೇಳಿರಲಿಲ್ಲ. ಸಮುದ್ರ ತನ್ನ ಜಾಗದಲ್ಲಿ ಇರುತ್ತದೆ, ನಾವು ದಡದಲ್ಲಿ ಇರುತ್ತೇವೆ ಅನ್ನುವಷ್ಟೇ ನನ್ನ ತಿಳಿವಳಿಕೆ.

ನಮ್ಮದು ಗುಬ್ಬಿ ತಾಲ್ಲೂಕು, ಕಡಬದ ಕಡೆಯ ಹಳ್ಳಿ. ತಾತ ಊರ ಕೆರೆಯ ನೀರಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು, ಮಳೆಗಾಲದಲ್ಲಿ ರಾತ್ರಿಯಿಡೀ ಏರಿ ಕಾಯುವುದು ಅವರ ಕೆಲಸ. ಕೋಡಿ ಬಿದ್ದ ರಾತ್ರಿಗಳಲ್ಲಿ ಅಪ್ಪನೂ ತಾತನ ಜೊತೆ ಏರಿಯ ಮೇಲೆ ಕಂಬಳಿ ಹೊದ್ದು ಮಲಗುತ್ತಿದ್ದರಂತೆ. ಆಮೇಲೆ ನೀರಗಂಟಿಕೆ ಹೋಯಿತು, ಬೋರ್‌ವೆಲ್ ಬಂತು, ಹೇಮಾವತಿ ನಾಲೆ ಬಂತು. ಈಗ ಅಪ್ಪನಿಗೆ ಎಪ್ಪತ್ತೊಂದು. ಕಳೆದ ಕಾರ್ತಿಕದ ಒಂದು ಸಂಜೆ ತೋಟದಲ್ಲಿ ಕೂತಿದ್ದಾಗ, "ನೀರಿನ ಸದ್ದು ಕೇಳ್ಕಂಡು ಒಂದು ರಾತ್ರಿ ಮಲಗಬೇಕು ಕಣಮ್ಮ, ಸಮುದ್ರದ ತಾವ" ಅಂದರು. ಧರ್ಮಸ್ಥಳ, ಮುರುಡೇಶ್ವರ ಎಂದು ಬಸ್ಸಿನಲ್ಲಿ ಹೋದಾಗ ಸಮುದ್ರ ನೋಡಿದ್ದಾರೆ. ಅದರ ಪಕ್ಕದಲ್ಲಿ ಮಲಗಿಲ್ಲ.

ತುಮಕೂರಿನವರಿಗೆ ಸಮುದ್ರ ದೂರ ಅನ್ನಿಸಿದರೂ ದಾರಿ ನಮ್ಮ ಮನೆ ಮುಂದೆಯೇ ಹೊರಡುತ್ತದೆ. ನಾವು ದಿನಾ ಓಡಾಡುವ ಬಿ.ಎಚ್. ರಸ್ತೆಯ ಪೂರ್ತಿ ಹೆಸರು ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರಿನಿಂದ ಹೊರಟ ಹಳೆಯ 206ನೇ ರಾಷ್ಟ್ರೀಯ ಹೆದ್ದಾರಿ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದ ಸಮುದ್ರದ ಹತ್ತಿರ ಮುಗಿಯುತ್ತಿತ್ತು. ಈಗ ನಂಬರು ಬದಲಾಗಿದೆ, ಬಾಣಾವರದವರೆಗೆ 73, ಅಲ್ಲಿಂದಾಚೆ 69. ಅಪ್ಪನ ಬಾಯಲ್ಲಿ ಇವತ್ತಿಗೂ ಅದು ಇನ್ನೂರಾರು. ಹಾಗಾಗಿ ಹುಡುಕಾಟವನ್ನು ಹೊನ್ನಾವರದಿಂದ ಶುರುಮಾಡಿ ಉತ್ತರಕ್ಕೆ ಕುಮಟಾ, ಗೋಕರ್ಣದವರೆಗೆ ಇಟ್ಟುಕೊಂಡೆ. ಆ ಕಡೆ ಸಹ್ಯಾದ್ರಿಯ ಕಾಲುಗಳು ಸಮುದ್ರದವರೆಗೂ ಚಾಚಿರುವುದರಿಂದ ಎರಡು ಗುಡ್ಡಗಳ ನಡುವೆ ಸಿಕ್ಕಿಕೊಂಡ ಸಣ್ಣ ಸಣ್ಣ ಕೊಲ್ಲಿಗಳು ಬಹಳ. ಗುಡ್ಡದ ಮೂಗು ಎರಡೂ ಬದಿಗೆ ಚಾಚಿಕೊಂಡು ಅಲೆಯ ಹೊಡೆತವನ್ನು ತಾನು ತಿನ್ನುತ್ತದೆ, ಒಳಗೆ ಬರುವ ನೀರು ಸಾಧುವಾಗಿರುತ್ತದೆ. ಇಬ್ಬರು ಮಕ್ಕಳು ಮತ್ತು ಮಂಡಿ ನೋವಿನ ಅಪ್ಪನಿಗೆ ತೆರೆದ ಕಡಲಿಗಿಂತ ಇದೇ ಸರಿ ಅನ್ನಿಸಿತ್ತು.

ದಿನವನ್ನು ಅಪ್ಪನೇ ಗೊತ್ತುಮಾಡಿದ್ದರು: ಬನದ ಹುಣ್ಣಿಮೆ. ಜನವರಿಯ ಚಳಿ, ಬೆಳದಿಂಗಳು, ರಾಗಿ ಒಕ್ಕಣೆಯೂ ಮುಗಿದಿರುತ್ತದೆ. ಮಳೆಗಾಲದ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳೇ ಮೀನಿಗೆ ಇಳಿಯುವಂತಿಲ್ಲ, ಆ ಕಡಲಿನ ದಡದಲ್ಲಿ ಟೆಂಟ್ ಹಾಕುವವರು ಯಾರು. ಹುಣ್ಣಿಮೆಗೂ ನೀರಿಗೂ ಏನು ಸಂಬಂಧ ಎಂದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಗೆ ಬಂದಾಗ ಭರತ, ಅಂದರೆ ಕಡಲಿನ ಉಬ್ಬರ, ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ ಅದೇ ಸಂಗತಿ ಟೆಂಟಿನ ಜಾಗ ಆರಿಸುವಾಗ ತಲೆಗೆ ಬರಲೇ ಇಲ್ಲ.

ಮೊದಲು ತೋಟದಲ್ಲೇ ಒಂದು ರಾತ್ರಿ ಟೆಂಟ್ ಹಾಕಿ ಮಲಗಿ ನೋಡಿದೆವು. ಮಕ್ಕಳು ಅಭ್ಯಾಸವಿಲ್ಲದೆ ಅಳುತ್ತಾರೋ, ಅಪ್ಪನಿಗೆ ಕೆಳಗಿನಿಂದ ಏಳಲು ಆಗುತ್ತದೋ ತಿಳಿಯಬೇಕಿತ್ತು. ನನ್ನ ತಮ್ಮ ಎರಡು ತೆಂಗಿನ ಸಾಲಿನ ನಡುವೆ ಟೆಂಟ್ ಬಿಡಿಸಿದ. ಅಪ್ಪ ಬಂದವರೇ ಕೀಳಿಸಿದರು. ತೆಂಗಿನ ಸೀಮೆಯಲ್ಲಿ ಹುಟ್ಟಿದವರು ಮರದ ಕೆಳಗೆ ಕಾರನ್ನೂ ನಿಲ್ಲಿಸುವುದಿಲ್ಲ. ಒಣಗಿದ ಗರಿ ಬೀಳುವ ಮುಂಚೆ ಹೇಳಿ ಬೀಳುವುದಿಲ್ಲ, ಮಟ್ಟೆಯ ಬುಡ ಬಡಿದರೆ ಹೆಗಲು ಮುರಿಯುತ್ತದೆ. ಕರಾವಳಿಯ ಶಿಬಿರಗಳ ಫೋಟೋಗಳಲ್ಲಿ ಮಾತ್ರ ಅರ್ಧಕ್ಕರ್ಧ ಟೆಂಟುಗಳು ತೆಂಗಿನ ಮರದ ಕೆಳಗೇ ಇದ್ದವು, ಮರದಲ್ಲಿ ಗೊನೆ ತೂಗುತ್ತಿತ್ತು. ಅವತ್ತಿನಿಂದ ಫೋನಿನಲ್ಲಿ ನಾನು ಕೇಳುವ ಪ್ರಶ್ನೆಗಳಿಗೆ ಒಂದು ಸೇರಿತು: "ಕಾಯಿ ಕೀಳಿಸಿದ್ದೀರಾ?" ಕೆಲವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರ ಹೆಸರುಗಳನ್ನು ಅಲ್ಲೇ ಹೊಡೆದು ಹಾಕಿದೆ.

ನವೆಂಬರ್ ಕೊನೆಯಲ್ಲಿ ನಾನು, ನನ್ನ ಗಂಡ ಮತ್ತು ತಮ್ಮ ಜಾಗ ನೋಡಲು ಹೊರಟೆವು. ಬೆಳಗಿನ ಜಾವ ನಾಲ್ಕಕ್ಕೆ ಶಿರಾ ಗೇಟಿನ ಮನೆ ಬಿಟ್ಟು, ಶಿವಮೊಗ್ಗದಲ್ಲಿ ತಿಂಡಿ ತಿಂದು, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ ಮುಟ್ಟುವಾಗ ಮಧ್ಯಾಹ್ನ. ಒಟ್ಟು 360 ಕಿಲೋಮೀಟರ್ ಚಿಲ್ಲರೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಜಾಗ ಉಳಿದಿದ್ದವು.

ಮೊದಲನೆಯದು ಅಳಿವೆಯ ಒಳಗೆ, ಅಘನಾಶಿನಿ ಸಮುದ್ರ ಸೇರುವ ಮುಂಚೆ ಹರಡಿಕೊಳ್ಳುವ ಕಡೆ. ನಾಲ್ಕರಲ್ಲಿ ಮನಸ್ಸಿಗೆ ಅತಿ ಹತ್ತಿರವಾದದ್ದು ಇದೇ, ಬಿಟ್ಟು ಬಂದ ಸಂಕಟ ಈಗಲೂ ಇದೆ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಬರುವ ನದಿ ಅದು. ಅದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಳಿತದ ಹೊತ್ತು, ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ಬಗ್ಗಿ ಬಳಚು ಎನ್ನುವ ಚಿಪ್ಪುಮೀನು ಆರಿಸುತ್ತಿದ್ದರು. ಕಾಂಡ್ಲಾ ಗಿಡಗಳ ಬೇರಿನ ನಡುವೆ ಬೆಳ್ಳಕ್ಕಿಗಳು. ಆದರೆ ಟೆಂಟ್ ಇದ್ದ ದಿಬ್ಬದ ಕೆಳಗೆ ಬರೀ ಕೆಸರು, ಕೆಸರಿನಲ್ಲಿ ಚಿಪ್ಪಿನ ಚೂಪು. ಬರಿಗಾಲಿನ ಮಕ್ಕಳು ಒಂದು ಗಂಟೆಯಲ್ಲಿ ಕಾಲು ಕೊಯ್ದುಕೊಳ್ಳುವುದು ಖಂಡಿತ. ಸಂಜೆ ಐದೂವರೆಗೆ ಸೊಳ್ಳೆ ಎದ್ದವು. ದೋಣಿಯವರು ಇನ್ನೊಂದು ಮಾತು ಹೇಳಿದರು. ಅಳಿವೆಯ ನೀರು ಮೇಲಿನಿಂದ ನಿಂತ ಹಾಗೆ ಕಂಡರೂ ಇಳಿತದ ಹೊತ್ತಿನಲ್ಲಿ ಒಳಗಿನ ನೀರೆಲ್ಲ ಆ ಒಂದು ಬಾಯಿಯಿಂದಲೇ ಹೊರಗೆ ಹೋಗಬೇಕು, ಆಗ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ. ಕೆರೆಯ ತೂಬಿನ ಬಾಯಲ್ಲಿ ಎಮ್ಮೆಯನ್ನೂ ಇಳಿಸಬಾರದು ಎಂದು ತಾತ ಹೇಳುತ್ತಿದ್ದದ್ದು ನೆನಪಾಯಿತು. ಹಗಲು ನೋಡಲು ಬರೋಣ, ರಾತ್ರಿಗೆ ಬೇಡ ಎಂದುಕೊಂಡೆವು.

ಗೋಕರ್ಣದ ಬದಿಯ ಕೊಲ್ಲಿಗೆ ಮೆಟ್ಟಿಲು ಇಳಿದು ಬಂಡೆ ದಾಟಿ ನಡೆಯಬೇಕು, ಅಪ್ಪನ ಮಂಡಿಗೆ ಆಗದು. ಮೂರನೆಯದು ಹೊನ್ನಾವರದ ದಕ್ಷಿಣಕ್ಕೆ ತೆರೆದ ಉದ್ದ ಕಡಲತೀರ. ಚೆನ್ನಾಗಿತ್ತು, ಆದರೆ ಗಾಳಿಗೆ ತಡೆಯೇ ಇಲ್ಲ.

ನಾಲ್ಕನೆಯದು ಕುಮಟಾದ ಉತ್ತರಕ್ಕೆ, ಎರಡು ಗುಡ್ಡಗಳ ನಡುವಿನ ಪುಟ್ಟ ಕೊಲ್ಲಿ. ಕಾರು ಐವತ್ತು ಹೆಜ್ಜೆಯವರೆಗೆ ಬರುತ್ತದೆ. ಮರಳಿನ ಮೇಲೆ ಹಲಗೆ ಹಾಸಿದ ಕಟ್ಟೆ, ಅದರ ಮೇಲೆ ಟೆಂಟ್, ಮುಂದೆ ಅಗಲವಾದ ಒಣ ದಡ, ಆಮೇಲೆ ಎಲ್ಲೋ ದೂರದಲ್ಲಿ ನೀರು. ಮಕ್ಕಳು ಕಬಡ್ಡಿ ಆಡಬಹುದಾದಷ್ಟು ಜಾಗ. ನೀರು ಹತ್ತಿರ ಬರುತ್ತದೆಯೇ ಎಂದು ಅಪ್ಪನ ಪ್ರಶ್ನೆ ಕೇಳಿದೆ. ಜಾಗದವರು, "ಇಲ್ಲ ಮೇಡಂ, ಬರೋದೇ ಇಲ್ಲ, ನೀವೇ ನೋಡ್ತಾ ಇದ್ದೀರಲ್ಲ" ಅಂದರು. ನೋಡುತ್ತಾ ಇದ್ದೆ ನಿಜ. ಅರ್ಧ ಹಣ ಮುಂಗಡ ಕೊಟ್ಟು, ಫೋನ್ ತುಂಬ ಫೋಟೋ ತೆಗೆದುಕೊಂಡು ಖುಷಿಯಲ್ಲಿ ವಾಪಸ್ಸಾದೆವು.

ಅಪ್ಪ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. ನೀಲಿ ನೀರು, ಗುಡ್ಡ, ಆಕಾಶ ಯಾವುದರ ಮೇಲೂ ಅವರ ಕಣ್ಣು ನಿಲ್ಲಲಿಲ್ಲ. ಹಲಗೆ ಕಟ್ಟೆಯ ಹಿಂದೆ, ಬೇಲಿಯ ಬುಡದಲ್ಲಿ ಒಣ ಕಸದ ಒಂದು ಗೆರೆ ಇತ್ತು. ಕಡ್ಡಿ, ಚಿಪ್ಪು, ಗಾಳಿ ಮರದ ಮುಳ್ಳುಕಾಯಿ, ಹರಿದ ಬಲೆಯ ಚೂರು, ಒಂದು ಚಪ್ಪಲಿ. "ಇದನ್ನ ಯಾರು ತಂದು ಇಲ್ಲಿ ಸಾಲಾಗಿ ಇಟ್ರು?" ಎಂದರು. ಕೆರೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ಬೇಸಗೆಯಲ್ಲಿ ಹೇಳುವುದು ಹೀಗೆಯೇ. ನೀರು ಹೋದ ಮೇಲೂ ಅಂಚಿನ ಕಸ ಗೆರೆಯಾಗಿ ಉಳಿದಿರುತ್ತದೆ. ಗೆರೆ ಟೆಂಟಿನ ಹಿಂದೆ ಇದೆ ಎಂದರೆ ನೀರು ಟೆಂಟಿನ ಹಿಂದಕ್ಕೂ ಹೋಗಿತ್ತು. ಮಳೆಗಾಲದ್ದಿರಬಹುದು ಎಂದೆ. ಅಪ್ಪ ಗೋಡೆಯ ಪಂಚಾಂಗದ ಹತ್ತಿರ ಹೋಗಿ ನಾವು ಹೋಗಿದ್ದ ದಿನದ ಮೇಲೆ ಬೆರಳಿಟ್ಟರು. ಬಹುಳ ಅಷ್ಟಮಿ. ನಾವು ಮಲಗಲು ಹೋಗುವುದು ಹುಣ್ಣಿಮೆಗೆ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಉತ್ತರ ಕನ್ನಡದ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಭರತ ಒಂದೇ ಎತ್ತರಕ್ಕೆ ಬರುವುದಿಲ್ಲ, ಒಂದು ಹಿರಿದು, ಇನ್ನೊಂದು ಕಿರಿದು. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಾವು ಸಂಜೆ ನೋಡಿದ ನೀರನ್ನೇ ಇನ್ನೊಂದು ವಾರಕ್ಕೆ ಅದೇ ಹೊತ್ತಿನಲ್ಲಿ ನೋಡಿದರೆ ಬೇರೆ ಕಡೆ ಇರುತ್ತದೆ. ಏರಿಳಿತ ನೆಟ್ಟಗೆ ಅಳೆದರೆ ಎರಡು ಮೀಟರಿನ ಒಳಗೇ. ಎರಡು ಮೀಟರ್ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ದಡದ ಇಳಿಜಾರು ನಲವತ್ತಕ್ಕೆ ಒಂದರಷ್ಟು ಇದ್ದರೆ, ನೀರು ಅರ್ಧ ಮೀಟರ್ ಹೆಚ್ಚು ಏರಿದರೆ ಸಾಕು, ಇಪ್ಪತ್ತು ಮೀಟರ್ ಒಳಗೆ ಬರುತ್ತದೆ. ನಮಗೆ ಮನಸೋಲಿಸಿದ ಆ ಅಗಲ, ಚಪ್ಪಟೆ, ಕಬಡ್ಡಿ ಆಡುವಂಥ ದಡ ಇದೆಯಲ್ಲ, ನೀರು ಅತಿ ದೂರ ಒಳಗೆ ಬರುವುದು ಅಂಥ ದಡದಲ್ಲೇ. ಇನ್ನೂ ಒಂದು ಸಂಗತಿ ಭರತದ ವೇಳಾಪಟ್ಟಿ ನೋಡಿದಾಗ ತಿಳಿಯಿತು. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಆ ಭಾಗದಲ್ಲಿ ಭರತ ಏರುವುದು ನಡುಹಗಲು ಮತ್ತು ನಡುರಾತ್ರಿಯ ಹಿಂದೆ ಮುಂದೆ. ಮಕ್ಕಳು ಗಾಢ ನಿದ್ದೆಯಲ್ಲಿರುವ ಹೊತ್ತು.

ಜಾಗದವರಿಗೆ ಫೋನ್ ಮಾಡಿದೆ. "ಏನೂ ಆಗಲ್ಲ ಮೇಡಂ." ಹುಣ್ಣಿಮೆ ದಿನ ನೀವು ಅಲ್ಲಿ ಮಲಗಿದ್ದೀರಾ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಅಪ್ಪ, "ಹೊಸ್ತಿಲ ಹುಣ್ಣಿಮೆಗೆ ಹೋಗಿ ನೋಡ್ಕಂಡು ಬಾ" ಅಂದರು. ಬರೀ ನೋಡಲಿಕ್ಕೆ ಇನ್ನೊಂದು ಸಲ ಅಷ್ಟು ದೂರವೇ ಎಂದು ಮನೆಯಲ್ಲಿ ಮಾತು ಬಂತು. ನಾನು ಹೋದೆ, ತಮ್ಮನೂ ಜೊತೆಗೆ ಬಂದ. ಮಕ್ಕಳನ್ನು ಮಲಗಿಸುವ ಜಾಗವನ್ನು ಅವರು ಮಲಗುವ ಹೊತ್ತಿನಲ್ಲಿ ನೋಡದೆ ಒಪ್ಪಿಕೊಳ್ಳಲು ನನಗೂ ಆಗುತ್ತಿರಲಿಲ್ಲ.

ಕುಮಟಾದಲ್ಲಿ ಉಳಿದುಕೊಂಡು ರಾತ್ರಿ ಹತ್ತಕ್ಕೆ ಆ ಕೊಲ್ಲಿಗೆ ಹೋದೆವು. ಅವತ್ತು ಟೆಂಟುಗಳು ಖಾಲಿ. ಬೆಳದಿಂಗಳಿನಲ್ಲಿ ದಡ ಎಷ್ಟು ಚೆಂದ ಇತ್ತೆಂದರೆ ಮೊದಲ ಐದು ನಿಮಿಷ ಏನು ನೋಡಲು ಬಂದೆವು ಎಂಬುದೇ ಮರೆತಿತ್ತು. ಆಮೇಲೆ ತಮ್ಮ ನೀರಿನ ಅಂಚಿನಲ್ಲಿ ಒಂದು ಕಡ್ಡಿ ಚುಚ್ಚಿದ. ಅಲೆ ಏಳು ಸಲ ಬಂದು ಹೋಗುವಷ್ಟರಲ್ಲಿ ಕಡ್ಡಿ ನೀರಿನ ಒಳಗಿತ್ತು. ಅಬ್ಬರ ಇಲ್ಲ, ಎಚ್ಚರಿಕೆ ಇಲ್ಲ. ಅಲೆ ಬಂದಷ್ಟು ಹಿಂದೆ ಹೋಗುತ್ತಿತ್ತು, ಆದರೆ ಪ್ರತಿ ಸಲ ಒಂದು ಗೇಣು ಉಳಿಸಿಕೊಂಡು ಹೋಗುತ್ತಿತ್ತು. ಹನ್ನೊಂದರ ಹೊತ್ತಿಗೆ ನಾವು ಕಬಡ್ಡಿ ಬಯಲು ಎಂದುಕೊಂಡಿದ್ದ ಜಾಗ ಪೂರ್ತಿ ಬೆಳ್ಳಗೆ ಮಿನುಗುತ್ತಿತ್ತು. ಹನ್ನೊಂದೂವರೆಗೆ ಮೊದಲ ನೊರೆ ಹಲಗೆ ಕಟ್ಟೆಯ ಕಾಲಿಗೆ ತಾಗಿತು. ಸ್ವಲ್ಪ ಹೊತ್ತಿಗೆ ಕಟ್ಟೆಯ ಅಡಿಯಿಂದ ಹರಿದು ಹಿಂದಿನ ತಗ್ಗಿನಲ್ಲಿ ನಿಂತಿತು. ಪಾದ ಮುಳುಗುವಷ್ಟೇ ನೀರು, ಪ್ರಾಣ ಹೋಗುವಂಥದ್ದಲ್ಲ. ಆದರೆ ಹೊರಗೆ ಬರುವ ದಾರಿ ಆ ತಗ್ಗಿನ ಮೇಲೆಯೇ ಇತ್ತು. ಕತ್ತಲೆಯಲ್ಲಿ ಎಚ್ಚರಗೊಂಡ ಆರು ವರ್ಷದ ಮಗು ಟೆಂಟಿನ ಜಿಪ್ ತೆಗೆದು ಕಾಲಿಡುವುದು ಅಲ್ಲಿಗೇ. ನನ್ನ ಕೈಕಾಲು ತಣ್ಣಗಾದವು. ತಮ್ಮ ಮಾತಾಡದೆ ಬ್ಯಾಟರಿ ಬೆಳಕಿನಲ್ಲಿ ವಿಡಿಯೋ ಮಾಡಿಕೊಂಡ. ಮುಂಗಡದ ಹಣ ವಾಪಸ್ ಬರಲಿಲ್ಲ, ಬಿಟ್ಟೆವು.

ಮರುದಿನ ಬೆಳಿಗ್ಗೆ ತುಮಕೂರಿಗೆ ಹೊರಡುವ ಬದಲು ಅಲ್ಲಿಂದ ಇನ್ನೊಂದು ಗುಡ್ಡ ದಾಟಿ ಹೋದೆವು, ಈ ಸಲ ಫೋಟೋ ನೋಡದೆ, ಗೆರೆ ಹುಡುಕುತ್ತಾ. ಹಿಂದಿನ ರಾತ್ರಿಯ ನೀರು ಬಿಟ್ಟ ಕಸ ಇನ್ನೂ ಒದ್ದೆಯಾಗಿತ್ತು. ಯಾವ ದಡದಲ್ಲಿ ಹುಣ್ಣಿಮೆಯ ಗೆರೆ ಎಲ್ಲಿದೆ ಎಂದು ಸಮುದ್ರವೇ ಬರೆದಿಟ್ಟು ಹೋಗಿತ್ತು, ಓದಿಕೊಂಡು ನಡೆದರಾಯಿತು. ಜಾಗ ನೋಡಲು ಹುಣ್ಣಿಮೆಯ ಮಾರನೇ ಬೆಳಗಿನಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ ಎಂದು ಅನುಭವದಿಂದ ಹೇಳುತ್ತೇನೆ. ಸರ್ಕಾರದ ಲೆಕ್ಕವೂ ಶುರುವಾಗುವುದು ಇಂಥದೇ ಗೆರೆಯಿಂದ ಎಂದು ಆಮೇಲೆ ಓದಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಭರತದ ಗೆರೆಯಿಂದ ಇಷ್ಟು ದೂರ ಕಟ್ಟಡ ಕೂಡದು ಎಂದಿದೆ. ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ 50 ಮೀಟರ್, ಉಳಿದ ಹಳ್ಳಿಗಳಲ್ಲಿ 200 ಮೀಟರ್.

ಗುಡ್ಡದಾಚೆಯ ಈ ಕೊಲ್ಲಿಯ ದಡ ಕಿರಿದು. ಮೊದಲ ಸಲ ಬಂದಿದ್ದರೆ ಇಷ್ಟೇನಾ ಎಂದು ಹೊರಟುಹೋಗುತ್ತಿದ್ದೆವು. ಆದರೆ ದಡದ ಹಿಂದೆ ಎದೆಯೆತ್ತರದ ಮರಳ ದಿಬ್ಬ, ದಿಬ್ಬದ ಮೇಲೆ ನೇರಳೆ ಹೂ ಬಿಟ್ಟ ಅಡುಂಬು ಬಳ್ಳಿ. ಅದರ ಹಿಂದೆ ಗಾಳಿ ಮರಗಳ ಸಾಲು, ನಮ್ಮ ಕಡೆ ಸರ್ವೆ ಮರ ಅನ್ನುವುದು. ಕಸದ ಗೆರೆ ದಿಬ್ಬದ ಮುಂದೆಯೇ ನಿಂತಿತ್ತು. ಹಳೆಯ ಗೆರೆಗಳು ಇವೆಯೇ ಎಂದು ದಿಬ್ಬದ ಹಿಂದೆ ಪೂರ್ತಿ ಹುಡುಕಿದೆವು. ಬಳ್ಳಿಯ ಬೇರು ಬಲಿತಿತ್ತು. ಪ್ರತಿ ತಿಂಗಳು ಉಪ್ಪುನೀರು ಹತ್ತಿ ಕೆದಕುವ ಕಡೆ ಬೇರು ಹಾಗೆ ಬಲಿಯುವುದಿಲ್ಲ.

ಮರಗಳ ಹಿಂದೆ ಒಂದು ಹೆಂಚಿನ ಮನೆ. ಅಂಗಳದಲ್ಲಿ ಮೀನಿನ ಬಲೆ ಹರವಿತ್ತು. ಮನೆಯೊಡತಿ ಅರವತ್ತು ದಾಟಿದವರು. ಚಳಿಗಾಲದಲ್ಲಿ ಮೂರು ನಾಲ್ಕು ಟೆಂಟಿಗೆ ಜಾಗ ಕೊಡುತ್ತಾರೆ, ಊಟ ಅವರದೇ ಅಡುಗೆಮನೆಯಿಂದ. ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದೆ. "ಬರೋದಿಲ್ಲ" ಎಂದು ಅವರು ಹೇಳಲಿಲ್ಲ. ಎದ್ದು ಬಂದು ಕೈ ಮಾಡಿ ತೋರಿಸಿದರು. "ಹುಣ್ಣಿಮಿ ಅಮಾಸಿಗೆ ಆ ದಿಬ್ಬದ ಬುಡದ ತನಕಾ ಬರ್ತದೆ. ಮಳೆಗಾಲದಾಗೆ ದಿಬ್ಬ ಕಡಿತದೆ. ಅದಕ್ಕೇ ಬಳ್ಳಿ ಕೀಳ್ಬೇಡಿ ಅಂತ ಎಲ್ಲರಿಗೂ ಹೇಳೂದು." ಅಡುಂಬು ಬಳ್ಳಿ ಮರಳನ್ನು ಹಿಡಿದಿರುವುದರಿಂದಲೇ ದಿಬ್ಬ ನಿಂತಿದೆ, ದಿಬ್ಬ ಇರುವುದರಿಂದಲೇ ಮನೆ ಇದೆ. ಕೆರೆ ಏರಿಯ ಮೇಲಿನ ಹುಲ್ಲು ಕೆತ್ತಬಾರದು ಎನ್ನುವ ನಮ್ಮೂರಿನ ಮಾತೇ ಇದು. ಆ ಕ್ಷಣಕ್ಕೆ ನನಗೆ ಜಾಗ ಸಿಕ್ಕಿತು.

ಅವರ ಬಾವಿಯಿಂದ ಒಂದು ಚೊಂಬು ನೀರು ಕೇಳಿ ಕುಡಿದೆ. ಕಡಲಿನಿಂದ ನೂರು ಹೆಜ್ಜೆ ಆಚೆ ಸಿಹಿ ನೀರು, ಒಂದಿಷ್ಟೂ ಸವಳಿಲ್ಲ. ಮರಳಲ್ಲಿ ಇಂಗಿದ ಮಳೆನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ಸಿಹಿ ನೀರು ಮೇಲೆ ತೇಲಿಕೊಂಡಿರುತ್ತದೆ. ಹೆಚ್ಚು ಎಳೆದರೆ ಮಾತ್ರ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಆ ಮೇಲೆ ಬಾವಿ ಸುಲಭಕ್ಕೆ ಸರಿಹೋಗುವುದಿಲ್ಲ. ಅದಕ್ಕೇ ಅವರು ಮೋಟಾರು ಇಟ್ಟಿಲ್ಲ, ಹಗ್ಗ ರಾಟೆಯೇ. ಸ್ನಾನಕ್ಕೆ ತಲೆಗೆ ಎರಡು ಬಕೆಟ್ ಎಂದು ಮೊದಲೇ ಹೇಳಿದರು. ಬೇರೆ ಕಡೆ ಇಪ್ಪತ್ನಾಲ್ಕು ಗಂಟೆ ಷವರ್ ಇದೆ ಎಂದು ಹೇಳಿಕೊಂಡಿದ್ದವರಿಗಿಂತ ಈ ಎರಡು ಬಕೆಟ್ಟಿನ ಮಾತು ನನಗೆ ನಂಬಿಕೆ ತಂದಿತು.

ಇನ್ನೊಂದು ನಿಯಮವೂ ಅವರದಿತ್ತು. ಕತ್ತಲಾದ ಮೇಲೆ ಕಡಲಿನ ಕಡೆಗೆ ದೀಪ ಹಾಕುವಂತಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ, ಆಲಿವ್ ರಿಡ್ಲೆ ಜಾತಿಯದು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಒಂದೂವರೆ ಎರಡು ತಿಂಗಳು. ಹೊರಬಂದ ಮರಿ ಬೆಳಕು ಕಂಡ ಕಡೆಗೆ ಓಡುತ್ತದೆ. ಸಮುದ್ರದ ಮೇಲಿನ ಆಕಾಶದ ಬೆಳಕೇ ಅದಕ್ಕೆ ದಾರಿ. ನಾವು ಬಲ್ಬು ಹಾಕಿದರೆ ನೀರು ಬಿಟ್ಟು ನಮ್ಮ ಕಡೆಗೆ ಬಂದು ಸಾಯುತ್ತದೆ. ಬಣ್ಣದ ಸರದೀಪ ಹಾಕಿ ಫೋಟೋ ತೆಗೆಸುವ ಶಿಬಿರಗಳನ್ನು ಆ ಎರಡು ತಿಂಗಳಲ್ಲಿ ಎಷ್ಟೋ ನೋಡಿದ್ದೆ. ಅಲ್ಲಿ ಯಾರೂ ಈ ಮಾತು ಎತ್ತಿರಲಿಲ್ಲ.

ಬನದ ಹುಣ್ಣಿಮೆಯ ದಿನ ನಾವು ಏಳು ಜನ, ಎರಡು ಕಾರು. ಅಪ್ಪ ಹಿಂದಿನ ರಾತ್ರಿಯೇ ಹತ್ತು ಖಾಲಿ ರಾಗಿ ಚೀಲ ಡಿಕ್ಕಿಗೆ ತುಂಬಿದ್ದರು. ಟೆಂಟಿನ ಜೊತೆ ಕೊಡುವ ಕಬ್ಬಿಣದ ಗೂಟ ನಮ್ಮ ಕೆಂಪು ಮಣ್ಣಿನಲ್ಲಿ ನಿಲ್ಲುತ್ತದೆ, ಒಣ ಮರಳಿನಲ್ಲಿ ಬೆರಳಲ್ಲಿ ಎಳೆದರೆ ಬರುತ್ತದೆ. ಚೀಲಕ್ಕೆ ಅರ್ಧ ಮರಳು ತುಂಬಿ, ನಡುವಿಗೆ ಹಗ್ಗ ಬಿಗಿದು, ಎರಡು ಅಡಿ ಆಳಕ್ಕೆ ಅಡ್ಡ ಹೂತು ತುಳಿದರೆ ಇಬ್ಬರು ಗಂಡಸರು ಜಗ್ಗಿದರೂ ಅಲುಗಲಿಲ್ಲ. ಟೆಂಟಿನ ಬಾಗಿಲು ಎತ್ತ ಇರಬೇಕೆಂದು ಮನೆಯೊಡತಿ ಹೇಳಿದರು. ಹಗಲು ಗಾಳಿ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ. ಜನವರಿಯಲ್ಲಿ ಬೆಳಗಿನ ಜಾವದ ಘಟ್ಟದ ಗಾಳಿ ತಣ್ಣಗೆ ಕೊರೆಯುತ್ತದೆ, ಬಾಗಿಲು ಪೂರ್ವಕ್ಕೆ ಬೇಡ. ಪಶ್ಚಿಮಕ್ಕೆ ಇಟ್ಟೆವು, ಮಲಗಿದಲ್ಲಿಂದಲೇ ಅಪ್ಪನಿಗೆ ನೀರು ಕಾಣುವಂತೆ.

ಮಕ್ಕಳನ್ನು ನೀರಿಗೆ ಬಿಡುವ ಮುಂಚೆ ಮನೆಯ ಯಜಮಾನರು ಜೊತೆಗೆ ಬಂದು ಕೊಲ್ಲಿಯನ್ನು ತೋರಿಸಿದರು. ನಡುವೆ ಅಲೆ ಮುರಿಯುವ ಕಡೆ ಮೊಣಕಾಲಿನವರೆಗೆ ಆಡಬಹುದು. ದಕ್ಷಿಣದ ಬಂಡೆಯ ಬದಿಗೆ ಅಲೆಯೇ ಇಲ್ಲದ ಒಂದು ಪಟ್ಟಿ ಇತ್ತು, ನೀರು ಸ್ವಲ್ಪ ಕಪ್ಪಾಗಿ ಶಾಂತವಾಗಿತ್ತು. ನಾನು ಅದನ್ನೇ ಮಕ್ಕಳಿಗೆ ಸರಿ ಎಂದುಕೊಂಡಿದ್ದೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ಕಾಲುವೆ ಅದು ಎಂದರು. ಶಾಂತವಾಗಿ ಕಾಣುವುದು ನೀರು ಹೊರಗೆ ಹರಿಯುತ್ತಿರುವುದರಿಂದ. ಅಪ್ಪ ಒಂದು ಒಣ ತೆಂಗಿನ ಸಿಪ್ಪೆ ಎಸೆದು ನೋಡಿದರು. ಅದು ದಡಕ್ಕೆ ಬರಲಿಲ್ಲ. ಬಂಡೆಯ ಗುಂಟ ಹೊರಗೆ ಹೋಗುತ್ತಾ ಹೋಗುತ್ತಾ ಚುಕ್ಕೆಯಾಯಿತು. ಆಮೇಲೆ ಮಕ್ಕಳಿಗೆ ಬೇರೆ ಏನೂ ಹೇಳಬೇಕಾಗಲಿಲ್ಲ.

ಸಂಜೆ ಅಳಿವೆಯ ಕಡೆ ಹೋಗಿ ಗಜನಿ ಗದ್ದೆಗಳನ್ನು ನೋಡಿಕೊಂಡು ಬಂದೆವು. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಭೂಮಿ ಅದು. ಕೊಯ್ಲಾಗಿ ಕೂಳೆ ಮಾತ್ರ ಉಳಿದಿತ್ತು. ಅಪ್ಪ ಬದುವಿನಲ್ಲಿದ್ದ ಮರದ ಬಾಗಿಲಿನ ಮುಂದೆ ಬಹಳ ಹೊತ್ತು ನಿಂತರು. ಭರತದ ನೀರನ್ನು ಬೇಕಾದಾಗ ಒಳಗೆ ಬಿಟ್ಟುಕೊಂಡು, ಬೇಡವಾದಾಗ ತಡೆಯುವ ಬಾಗಿಲು. "ತೂಬು ಇದು" ಅಂದರು. ಇಲ್ಲಿ ಅದನ್ನು ಎತ್ತುವವರು ಯಾರು, ಪಾಳಿ ಹೇಗೆ, ಜಗಳ ಬಂದರೆ ಯಾರು ಬಿಡಿಸುತ್ತಾರೆ ಎಂದು ಅಲ್ಲಿದ್ದ ರೈತರೊಬ್ಬರನ್ನು ಹಿಡಿದು ಕೂತರು. ಕರೆದುಕೊಂಡು ಬರಬೇಕಾದರೆ ಕತ್ತಲಾಗಿತ್ತು.

ಊಟಕ್ಕೆ ಕೆಂಪಕ್ಕಿ ಅನ್ನ, ಮೀನಿನ ಸಾರು, ಅಪ್ಪನಿಗೆ ಬೇರೆಯಾಗಿ ಬಸಳೆ ಸೊಪ್ಪಿನ ಹುಳಿ. ಮಕ್ಕಳು ಎಂಟಕ್ಕೇ ಮಲಗಿದರು. ಹತ್ತರ ನಂತರ ನಾನು ಅಪ್ಪನ ಟೆಂಟಿನ ಮುಂದೆ ಬಂದು ಕೂತೆ. ದೀಪ ಇಲ್ಲ, ಬೇಕೂ ಇರಲಿಲ್ಲ. ಬೆಳದಿಂಗಳಿಗೆ ಗಾಳಿ ಮರದ ನೆರಳು ಮರಳಿನ ಮೇಲೆ ಅಲ್ಲಾಡುತ್ತಿತ್ತು. ಅಪ್ಪ ಸಂಜೆಯೇ ದಿಬ್ಬದ ಬುಡದಲ್ಲಿ ಒಂದು ಸರ್ವೆ ಕೊಂಬೆ ನೆಟ್ಟಿದ್ದರು. ನೀರು ಏರುತ್ತಾ ಬಂತು. ಹಿಂದಿನ ತಿಂಗಳು ನಾನು ಕಂಡದ್ದೇ ನೀರು, ಅದೇ ನಡಿಗೆ, ಗೇಣು ಗೇಣಾಗಿ. ಈ ಸಲ ನನ್ನ ಎದೆ ಹೊಡೆದುಕೊಳ್ಳಲಿಲ್ಲ. ಅಪ್ಪ ಕಂಬಳಿ ಹೊದ್ದು ಕೂತಿದ್ದರು. ಏರಿ ಕಾಯುವವರು ಹೇಗೆ ಕೂರುತ್ತಾರೆ ಎಂದು ನಾನು ನೋಡಿದ್ದಿಲ್ಲ. ಹೀಗೇ ಇರಬೇಕು.

ಹನ್ನೆರಡರ ಸುಮಾರಿಗೆ ನೊರೆ ಕೊಂಬೆಯ ಹತ್ತಿರ ಬಂತು. ಒಂದು ಅಲೆ ಬುಡವನ್ನು ಮುಟ್ಟಿತು. ಅದರ ಮುಂದಿನದು ಮುಟ್ಟಲಿಲ್ಲ. ಅಪ್ಪ ಇನ್ನೂ ಹತ್ತು ಹದಿನೈದು ಅಲೆ ಎಣಿಸಿದರು.

"ತಿರುಗ್ತು" ಅಂದರು. "ಹೋಗಿ ಮಲಗು ಹೋಗಮ್ಮ. ನಾನು ಇನ್ನೊಂದು ಗಳಿಗೆ ಕೂತಿರ್ತೀನಿ."